ಸೇತುವೆ ಕಾಯುವವಳು

ಮನುಕುಲವನ್ನೇ ಕಾಡಬಹುದಾದ ಪ್ರಶ್ನೆಯೊಂದು ಆ ಶನಿವಾರ ಮಧ್ಯಾಹ್ನ, ಬೋರ್ಡ್ ಬರೆಯುವ ಅಣ್ಣನ ಅಂಗಡಿಯಲ್ಲಿ, ಬಣ್ಣದ ಡಬ್ಬಿಗಳ ನಡುವೆ ಮತಕ್ಕೆ ಬಂದಿತ್ತು: ಮೂವರೂ ಸೇರಿ ದಾಳ ಉರುಳಿಸಿ ಆಡುವ ಸಾಹಸದ ಆಟ ಇನ್ನು ಅಣ್ಣ ಏಳು ವರ್ಷದಿಂದ ಕೈಯಾರೆ ಬರೆದ ಲೋಕದಲ್ಲಿ ನಡೆಯಬೇಕೋ, ಅಚ್ಚಾದ ಪುಸ್ತಕದ ಲೋಕದಲ್ಲೋ? ತಂಗಿಯ ಕಂಡಕ್ಟರ್ ಗಂಡ ಪುಸ್ತಕಕ್ಕೆ ಕೈ ಎತ್ತಿಯಾಗಿತ್ತು. ಉಳಿದದ್ದು ನರ್ಸ್ ತಂಗಿಯ ಕೈ.

"ಇದರಲ್ಲಿ ರಾಕ್ಷಸರು ನಾವು ಪುಟ ತಿರುಗಿಸೋವರೆಗೂ ಶಿಸ್ತಾಗಿ ನಿಂತಿರ್ತಾರೆ ಭಾವ," ಎಂದ ಗಂಡ, ಇನ್ನೂ ಪ್ಲಾಸ್ಟಿಕ್ ಬಿಚ್ಚದ ಪುಸ್ತಕ ತಟ್ಟುತ್ತ. "ನಿಮ್ಮವರಿಗೆ ಆ ಮರ್ಯಾದೆ ಇಲ್ಲ."

ತಂಗಿ ಅಣ್ಣನ ನಕ್ಷೆಯನ್ನೇ ನೋಡುತ್ತಿದ್ದಳು. ಪ್ರೇತಸೇನೆಯ ಗುರುತಾದ ಕಪ್ಪು ಕಲೆ ಸೇತುವೆಗೆ ತಾಗಿತ್ತು. ಸೇತುವೆಯ ಮೇಲೆ ಕಾವಲಿದ್ದವಳು ಅವಳದೇ ಪಾತ್ರ, ಏಳು ವರ್ಷ ಆಡಿ ಬೆಳೆಸಿದ ವೈದ್ಯೆ. ಅವಳ ಬೆನ್ನ ಹಿಂದೆ, ಅಣ್ಣ ಒಬ್ಬೊಬ್ಬರಿಗೂ ಹೆಸರಿಟ್ಟ ನಲವತ್ತು ಜನರ ಊರು.

"ಅಣ್ಣಾ, ಈ ಸೇನೆ ಹೊಳೆಯಿಂದ ಎಷ್ಟೋ ಆಚೆ ಇತ್ತಲ್ಲ?"

"ಎರಡು ವಾರ ನೀವಿಬ್ರೂ ಬರ್ಲಿಲ್ಲ. ನಾನು ದಾಳ ಹಾಕ್ತಾ ಇದ್ದೆ."

"ಒಬ್ಬನೇನಾ?"

"ಆಡೋರು ಬರ್ಲಿಲ್ಲ ಅಂತ ಸೇನೆ ನಿಲ್ಲುತ್ತಾ?"

ಅವಳು ನಕ್ಷೆಯಿಂದ ಕಣ್ಣು ತೆಗೆದಳು. "ಪುಸ್ತಕಾನೇ ಇರ್ಲಿ ಅಣ್ಣಾ," ಎಂದು ಕೈ ಎತ್ತಿದಳು. "ವಾರ್ಡಲ್ಲಿ ಕಾದೇ ಸಾಕಾಗಿದೆ."

ಅಣ್ಣ ಬೇಸರಿಸಲಿಲ್ಲ. ಗಂಡ ಪ್ಲಾಸ್ಟಿಕ್ ಹರಿಯುತ್ತಿರುವಾಗಲೇ ಅವನು ದಾಳ ಉರುಳಿಸಿದ, ಬಿದ್ದದ್ದನ್ನು ನೋಡಿದ, ಸಣ್ಣ ಕುಂಚವನ್ನು ಕಪ್ಪು ಬಣ್ಣಕ್ಕೆ ಅದ್ದಿದ.

ಮತದಲ್ಲಿ ಪುಸ್ತಕ ಗೆದ್ದಿತು. ಸೇತುವೆಯ ಮೇಲೆ ಯಾರೂ ಉಳಿಯಲಿಲ್ಲ.