ಮುಚ್ಚಳದೊಳಗಿನ ಮೀನು

"ಇದಕ್ಕೆ ಕೈ ಹಾಕಿದವನು ಕಟುಕ!" ಎಂದು ಗಡಿಯಾರ ರಿಪೇರಿಯ ಯಜಮಾನರು ಗುಡುಗಿದ ರಭಸಕ್ಕೆ, ಅವರ ಬಲಗಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ಜಾರಿ ಮೇಜಿನ ಮೇಲೆ ಬಿತ್ತು. ಎದುರಿಗೆ ನಿಂತಿದ್ದ ನಿವೃತ್ತ ಹೆಡ್‌ಮಾಸ್ತರರ ಮುಖ ಬಿಳಿಚಿಕೊಂಡಿತು. ಅವರ ಪತ್ನಿ ಮಾತ್ರ ಸ್ಟೂಲಿನ ಮೇಲೆ ಕುಳಿತು ಅಂಗಡಿಯ ಸಾಮಾನುಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಯಾರೂ ಹೊತ್ತೊಯ್ಯಬಾರದೆಂದು ಯಜಮಾನರು ಸ್ಟೂಲು, ಕೊಡೆ, ಚಹಾದ ಲೋಟಗಳ ಮೇಲಷ್ಟೇ ಅಲ್ಲ, ಗೋಡೆಯ ಕ್ಯಾಲೆಂಡರಿನ ಮೇಲೂ ತಮ್ಮ ಗುರುತನ್ನು ಗೀಚಿದ್ದರು: ಬಾಲ ಮೇಲಕ್ಕೆತ್ತಿದ ಒಂದು ಪುಟ್ಟ ಮೀನು.

ಬಿಚ್ಚಿಟ್ಟಿದ್ದ ಆ ಕೈಗಡಿಯಾರ ಅರುವತ್ತು ವರ್ಷ ಹಳೆಯದು, ಬಂಗಾರದ ಅಂಚಿನದು. ತರುಣ ಉಪಾಧ್ಯಾಯರಾಗಿದ್ದಾಗ, ತಪಾಸಣೆಗೆ ಬಂದ ಅಧಿಕಾರಿಯ ಮಣಿಕಟ್ಟಿನಲ್ಲಿ ಅಂಥದೊಂದನ್ನು ಕಂಡಂದಿನಿಂದ ಹೆಡ್‌ಮಾಸ್ತರರ ಜೀವ ಅದರ ಮೇಲಿತ್ತು. ಆನ್‌ಲೈನಿನಲ್ಲಿ ಅದು ಕಣ್ಣಿಗೆ ಬಿದ್ದಾಗಲೂ ಅವರು ಮೈಮರೆಯಲಿಲ್ಲ. ಮಾರುವವನ ಬಗ್ಗೆ ಹಿಂದಿನ ಗಿರಾಕಿಗಳು ಬರೆದಿದ್ದ ಇನ್ನೂರು ಅಭಿಪ್ರಾಯಗಳನ್ನು ಓದಿ, ಕಾಗುಣಿತದ ತಪ್ಪುಗಳನ್ನೂ ಲೆಕ್ಕ ಹಾಕಿದ್ದರು. ಅಪಹರಣಕ್ಕೊಳಗಾದವರ ಫೋಟೋ ತೆಗೆಸುವಂತೆ, ಅಂದಿನ ಪತ್ರಿಕೆಯ ಪಕ್ಕದಲ್ಲಿ ಗಡಿಯಾರವನ್ನಿಟ್ಟ ಚಿತ್ರವನ್ನು ತರಿಸಿಕೊಂಡಿದ್ದರು. ಮುಳ್ಳುಗಳನ್ನು ನಾಲ್ಕೂ ಹದಿನೇಳಕ್ಕೆ ತಿರುಗಿಸಿ ಇನ್ನೊಂದು ಚಿತ್ರ ಕಳಿಸಬೇಕೆಂದು ಆಜ್ಞಾಪಿಸಿದ್ದರು. "ಸರ್, ನನ್ನ ಮಗಳ ಸಂಬಂಧ ಕೂಡಿಸುವಾಗ ಬೀಗರೂ ಇಷ್ಟು ವಿಚಾರಿಸಲಿಲ್ಲ" ಎಂದು ಮಾರುವವನು ನೊಂದು ಬರೆದಿದ್ದ. ಒಪ್ಪಿಗೆಯಾಗದಿದ್ದರೆ ಏಳು ದಿನದೊಳಗೆ ವಾಪಸು ಎಂಬ ಷರತ್ತೂ ಆಗಿತ್ತು. ಇಂದು ಏಳನೆಯ ದಿನ. ಕೊರಿಯರಿನವನಿಗೆ ಐದು ಗಂಟೆಗೆ ಇದೇ ಅಂಗಡಿಗೆ ಬರಹೇಳಿದ್ದರು, ಈಗ ನಾಲ್ಕೂವರೆ.

"ಹಾಗಾದ್ರೆ ನಾನು ಮೋಸ ಹೋದೆ ಅನ್ನಿ" ಎಂದರು ಹೆಡ್‌ಮಾಸ್ತರರು, ಕ್ಷೀಣ ಸ್ವರದಲ್ಲಿ.

"ಕೇಳಿ ಮೇಷ್ಟ್ರೇ. ಕೇಸು ಅಸಲಿ, ಡಯಲ್ಲು ಅಸಲಿ, ಒಳಗಿನ ಯಂತ್ರಾನೂ ಅಸಲಿ. ಆದ್ರೆ ಇಲ್ನೋಡಿ, ಮೂರು ನೀಲಿ ಸ್ಕ್ರೂ ಇರಬೇಕಾದ ಕಡೆ ಎರಡೇ ಇವೆ. ಮೂರನೇದು ಹಿತ್ತಾಳೆ! ಯಾವುದೋ ಅಲಾರಂ ಗಡಿಯಾರದ್ದನ್ನ ಅರದಲ್ಲಿ ಉಜ್ಜಿ ತುರುಕಿದ್ದಾನೆ. ರೇಷ್ಮೆ ಅಂಗಿಗೆ ಗೋಣಿದಾರದಲ್ಲಿ ಗುಂಡಿ ಹೊಲಿದ ಹಾಗೆ! ಅಂಥವನ ಕೈಗೆ ಗುದ್ದಲಿ ಕೊಡಬೇಕಿತ್ತು, ಯಾರೋ ಸ್ಕ್ರೂಡ್ರೈವರ್ ಕೊಟ್ಟುಬಿಟ್ಟಿದ್ದಾರೆ."

"ಯಾರವನು ಅಂತ ಗೊತ್ತಾಗುತ್ತಾ?" ಎಂದು ಪತ್ನಿ ಮೊದಲ ಬಾರಿಗೆ ಬಾಯಿ ತೆರೆದರು.

"ಗೊತ್ತಾಗದೆ ಏನಮ್ಮಾ? ರಿಪೇರಿ ಮಾಡಿದ ಪ್ರತಿಯೊಬ್ಬನೂ ಮುಚ್ಚಳದ ಒಳಗಡೆ ತನ್ನ ಗುರುತು, ಇಸವಿ ಗೀಚಿರ್ತಾನೆ. ನಮ್ಮ ಕಸುಬಿನ ಪದ್ಧತಿ ಅದು. ತಪ್ಪಿಸ್ಕೊಂಡು ಎಲ್ಲಿಗೆ ಹೋಗ್ತಾನೆ!"

ಯಜಮಾನರು ಭೂತಗನ್ನಡಿಯನ್ನು ಮತ್ತೆ ಕಣ್ಣಿಗೇರಿಸಿ, ಹಿಂಬದಿಯ ಮುಚ್ಚಳವನ್ನು ದೀಪದ ಕೆಳಗೆ ಹಿಡಿದರು. ತುಟಿಯವರೆಗೆ ಬಂದಿದ್ದ ಮುಂದಿನ ಬೈಗುಳ ಅಲ್ಲಿಯೇ ಇಂಗಿತು. ಮುಚ್ಚಳವನ್ನು ಮೆಲ್ಲನೆ ಮೇಜಿನ ಮೇಲೆ ಬೋರಲು ಹಾಕಿ, "ಸವೆದುಹೋಗಿದೆ, ಓದೋಕಾಗಲ್ಲ. ವಾಪಸ್ ಕಳಿಸಿಬಿಡಿ ಮೇಷ್ಟ್ರೇ. ಈಗಲೇ ಕಟ್ಟಿಕೊಡ್ತೀನಿ" ಎಂದು ಕಾಗದಕ್ಕಾಗಿ ತಡಕಾಡಿದರು.

ಹೆಡ್‌ಮಾಸ್ತರರು ಬಂಗಾರದ ಅಂಚನ್ನು ಕಡೆಯ ಬಾರಿಗೆಂಬಂತೆ ಬೆರಳಿನಿಂದ ಸವರಿ ಮೊಬೈಲು ತೆಗೆದರು. "ಆ ಮಾರಿದವನ ಮೇಲೆ ಎಂಥ ಅಭಿಪ್ರಾಯ ಬರೀತೀನಿ ನೋಡ್ತಾ ಇರಿ."

"ಸ್ವಲ್ಪ ತಡೀರಿ" ಎಂದು ಪತ್ನಿ ಮುಚ್ಚಳಕ್ಕೆ ಕೈ ಚಾಚಿದರು. "ಕನ್ನಡಕ ಇಲ್ದೆ ಸೂಜಿಗೆ ದಾರ ಪೋಣಿಸೋ ಕಣ್ಣು ನಂದು." ಭೂತಗನ್ನಡಿಯನ್ನೂ ತೆಗೆದುಕೊಂಡು ನಿಧಾನವಾಗಿ ನೋಡಿದರು. "ರೀ, ಎಲ್ಲಿ ಸವೆದಿದೆ? ಇಸವಿ ಚೆನ್ನಾಗೇ ಕಾಣುತ್ತೆ. ಮೂವತ್ತಮೂರು ವರ್ಷದ ಹಿಂದಿನದು. ಪಕ್ಕದಲ್ಲೊಂದು ಮೀನು." ಒಂದು ಕ್ಷಣ ತಡೆದರು. "ಬಾಲ ಮೇಲೆತ್ತಿದೆ." ಬಳಿಕ ತಾವು ಕುಳಿತ ಸ್ಟೂಲನ್ನು ಬಗ್ಗಿ ನೋಡಿದರು.

ಯಜಮಾನರು ಯಾರ ಮುಖವನ್ನೂ ನೋಡದೆ ಕೆಳಗಿನ ಡ್ರಾಯರು ಎಳೆದು, ತುಕ್ಕುಹಿಡಿದ ಡಬ್ಬಿಯೊಂದರ ತಳದಿಂದ ಹಳದಿಗಟ್ಟಿದ ಪುಟ್ಟ ಪೊಟ್ಟಣವನ್ನು ತೆಗೆದು ಬಿಚ್ಚಿದರು. ಒಳಗೆ ಸಾಸಿವೆಗಿಂತ ಸಣ್ಣದೊಂದು ನೀಲಿ ಸ್ಕ್ರೂ ಹೊಳೆಯುತ್ತಿತ್ತು.

"ಆಗ ಇದನ್ನ ತಂದಿದ್ದ ಗಿರಾಕಿ ಬಹಳ ಅವಸರದಲ್ಲಿದ್ದ ಅಮ್ಮಾ. ಎರಡು ದಿನದ ಮಟ್ಟಿಗೆ ಅಂತ ಹಿತ್ತಾಳೇದು ಹಾಕಿಕೊಟ್ಟೆ. ಅಸಲಿ ತರಿಸಿಟ್ಟೆ. ಅವನು ಮತ್ತೆ ಬರಲೇ ಇಲ್ಲ."

"ಎರಡು ದಿನಕ್ಕೆ ಹಾಕಿದ್ದು ಮೂವತ್ತಮೂರು ವರ್ಷ ತಡೀತಲ್ಲಾ!" ಎಂದು ಹೆಡ್‌ಮಾಸ್ತರರು ಬೆರಗಾದರು.

"ತಡೀದೆ ಏನು? ಹಾಕಿದ ಕೈ ಅಂಥದ್ದು!" ಎಂದುಬಿಟ್ಟ ಯಜಮಾನರು ನಾಲಿಗೆ ಕಚ್ಚಿಕೊಂಡರು.

ಐದಕ್ಕೆ ಬಂದ ಕೊರಿಯರಿನವನು ಬರಿಗೈಯಲ್ಲಿ ಹೋದ. ಹೆಡ್‌ಮಾಸ್ತರರು ಮೊಬೈಲಿನಲ್ಲಿ 'ವಂಚಕ' ಎಂದು ಬರೆದಿದ್ದನ್ನು ಅಳಿಸಿ 'ಸಜ್ಜನ' ಎಂದು ತಿದ್ದಿದರು. "ಮುಖ ನೋಡದವನನ್ನ ನೂರು ಪ್ರಶ್ನೆ ಕೇಳಿದ್ರಿ, ಇವರನ್ನ ಒಂದೂ ಕೇಳಲಿಲ್ಲ" ಎಂದು ಪತ್ನಿ ಗಂಡನನ್ನು ಚುಚ್ಚಿದರು.

ನೀಲಿ ಸ್ಕ್ರೂ ತನ್ನ ಜಾಗದಲ್ಲಿ ಕುಳಿತಿತು. ಅಭ್ಯಾಸಬಲದಿಂದ ಗೀಚುವ ಸೂಜಿಯನ್ನು ಕೈಗೆತ್ತಿಕೊಂಡ ಯಜಮಾನರು, ಆಕೆಯ ಕಡೆ ನೋಡಿ ಅನುಮಾನಿಸಿ ನಿಂತರು.

"ಗೀಚಿ ಯಜಮಾನ್ರೇ, ಸಂಕೋಚ ಬೇಡ. ಮುಂದೆ ಇದನ್ನ ಬಿಚ್ಚಿದವನಿಗೆ, ಯಾರನ್ನ ಬೈಬೇಕು ಅಂತ ಗೊತ್ತಾಗಬೇಕಲ್ಲ!"

ಹಳೆಯ ಮೀನಿನ ಪಕ್ಕದಲ್ಲಿ ಹೊಸದೊಂದು ಮೀನು ಮೂಡಿತು. ಈ ಬಾರಿ ಅದರ ಬಾಲ ಕೆಳಗಿತ್ತು.