ಮೇಲಿನ ನಟ್ಟು ಮೊದಲು

ಹುಡುಗ ಸುಳ್ಳುಗಾರ ಎಂಬುದು ಅವನ ಉಗುರು ನೋಡಿದಾಗಲೇ ಸ್ಟ್ಯಾನಿಸ್ಲಾಸ್‌ಗೆ ಗೊತ್ತಾಗಿತ್ತು. ಜೀಪಿನ ಅಡಿಯಲ್ಲಿ ಮಲಗಿ ಕೆಲಸ ಮಾಡುವವನ ಉಗುರು ಅಷ್ಟು ಬೆಳ್ಳಗಿರುವುದಿಲ್ಲ.

"ಅಂಕಲ್, ಹಿಂದಿನ ಡಿಫರೆನ್ಷಿಯಲ್ ಮಾತ್ರವಾ? ಮುಂದಿನದೂ ಉಂಟಾ?" ಕಾರ್ಲ್ ಕೇಳಿದ. ಅವನಿಗೆ ಮಣಿಪಾಲದಲ್ಲಿ ಲ್ಯಾಬ್ ಕೆಲಸ.

"ಹಿಂದಿನದು ಸಾಕು. ಅದರಲ್ಲೇ ಎಲ್ಲ ಗೊತ್ತಾಗುತ್ತದೆ."

ಮಗಳು ಶಾರ್ಲೆಟ್ ಮದುವೆಯಾದರೆ ಇವನನ್ನೇ ಎಂದು ಹಟ ಹಿಡಿದಿದ್ದಳು. "ಕಾರ್ಲ್‌ಗೆ ಜೀಪೆಂದರೆ ಪ್ರಾಣ ಪಪ್ಪಾ, ಸರ್ವೀಸೆಲ್ಲ ಅವನೇ ಮಾಡುವುದು" ಎಂದು, ಕಾಪು ಕಡಲತೀರದಲ್ಲಿ ಯಾರದೋ ಜೀಪಿಗೆ ಒರಗಿ ನಿಂತ ಅವನ ಫೋಟೊ ತೋರಿಸಿದ್ದಳು.

ಈ ಮನೆಯಲ್ಲಿ ಆ ಮಾತಿಗೆ ತೂಕವಿತ್ತು. ಅಂಗಳದಲ್ಲಿದ್ದ ಫೋರ್‌ವೀಲ್ ಜೀಪು ಸ್ಟ್ಯಾನಿಸ್ಲಾಸ್‌ನ ಮಾವ, ಅಜೆಕಾರಿನ ಲಿಗೋರಿಯದು. ಗಂಡುಮಕ್ಕಳಿಲ್ಲದ ಲಿಗೋರಿ ಮಗಳ ಕೈಯಿಂದಲೇ ಸ್ಪ್ಯಾನರ್ ತರಿಸಿಕೊಂಡು ಅದನ್ನು ಸಾಕಿದ್ದ. ಅದರ ಡಿಫರೆನ್ಷಿಯಲ್ ಎಣ್ಣೆ ಬದಲಾಯಿಸಲು ಬಾರದವನಿಗೆ ಮಗಳೂ ಇಲ್ಲ, ಜೀಪೂ ಇಲ್ಲ ಎಂದಿದ್ದ. ಸ್ಟ್ಯಾನಿಸ್ಲಾಸ್ ಆ ಪರೀಕ್ಷೆ ಗೆದ್ದೇ ಜೆರ್ಟ್ರೂಡ್‌ಳನ್ನು ಇನ್ನಂಜೆಯ ಈ ಮನೆಗೆ ಕರೆತಂದವನು. ಅಂದಿನಿಂದ ಜೀಪನ್ನು ಒಮ್ಮೆಯೂ ಗ್ಯಾರೇಜಿಗೆ ಬಿಟ್ಟಿರಲಿಲ್ಲ. ಹೆಂಡತಿ ತವರಿಗೆ ಹೋದ ದಿನಗಳಲ್ಲಿ ಮಾತ್ರ ಅದನ್ನು ಬಿಚ್ಚುತ್ತಿರಲಿಲ್ಲ. ಅವಳ ಅಪ್ಪನ ಜೀಪು, ಅವಳಿದ್ದರೆ ಚೆಂದ ಎನ್ನುತ್ತಿದ್ದ.

ಈಗ ಅದೇ ಪರೀಕ್ಷೆ ಕಾರ್ಲ್‌ಗೆ. ಸೋತರೆ ಮದುವೆಯ ಮಾತು ಅಲ್ಲಿಗೇ ಮುಗಿಯಿತು.

ಸ್ಟ್ಯಾನಿಸ್ಲಾಸ್ ಯಾವ ಸಂದನ್ನೂ ಬಿಟ್ಟಿರಲಿಲ್ಲ. ಹುಡುಗನ ಮೊಬೈಲು ಕೇಳಿ ಪಡೆದು ತನ್ನ ಜೇಬಿಗೆ ಹಾಕಿಕೊಂಡ. ಬಳಿಕ ಮಗಳ ಕಡೆ ತಿರುಗಿದ.

"ಕಟಪಾಡಿಗೆ ಹೋಗಿ ಒಂದು ತಾಮ್ರದ ವಾಷರ್ ತಾ."

"ಡಬ್ಬಿಯಲ್ಲಿ ಉಂಟಲ್ಲ ಪಪ್ಪಾ?"

"ಹೊಸದು ಬೇಕು."

ಶಾರ್ಲೆಟ್ ಕಾರ್ಲ್‌ನನ್ನು ಒಮ್ಮೆ ನೋಡಿ, ಸ್ಕೂಟರ್ ಹತ್ತಿ ಹೋದಳು. ಇನ್ನು ಹೇಳಿಕೊಡುವವರು ಯಾರೂ ಇರಲಿಲ್ಲ. ಅಡುಗೆಮನೆಯಲ್ಲಿ ಜೆರ್ಟ್ರೂಡ್ ಕರಕರ ತೆಂಗಿನಕಾಯಿ ತುರಿಯುತ್ತಿದ್ದಳು, ಅಷ್ಟೇ.

ಕಾರ್ಲ್ ಗೋಣಿ ಹಾಸಿ ಜೀಪಿನಡಿಗೆ ಸರಿದ. ಹಿಂದಿನ ಚಕ್ರಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಡಿಫರೆನ್ಷಿಯಲ್‌ಗೆ ಎರಡು ನಟ್ಟು. ಕೆಳಗಿನದು ಹಳೆಯ ಎಣ್ಣೆ ಇಳಿಸಲು, ಮೇಲಿನದು ಹೊಸದನ್ನು ತುಂಬಲು. ಸ್ಪ್ಯಾನರ್ ನೇರವಾಗಿ ಕೆಳಗಿನ ನಟ್ಟಿಗೆ ಹೋಯಿತು.

ಸಿಕ್ಕಿಬಿದ್ದ, ಎಂದುಕೊಂಡ ಸ್ಟ್ಯಾನಿಸ್ಲಾಸ್.

ಅಡುಗೆಮನೆಯ ಸದ್ದು ನಿಂತಿತು. ಕಾರ್ಲ್ ತಲೆ ಹೊರಳಿಸಿ ಕಿಟಕಿಯ ಕಡೆ ನೋಡಿದ. ಸ್ಪ್ಯಾನರ್ ಮೇಲಿನ ನಟ್ಟಿಗೆ ಏರಿತು. ಕರಕರ ಮುಂದುವರಿಯಿತು.

"ಕೆಳಗಿನದು ಯಾಕೆ ಬಿಟ್ಟೆ?"

"ಮೊದಲು ಮೇಲಿನದಲ್ವಾ ಅಂಕಲ್? ಇದ್ದ ಎಣ್ಣೆಯನ್ನೆಲ್ಲ ಇಳಿಸಿದ ಮೇಲೆ ಮೇಲಿನ ನಟ್ಟು ಕಚ್ಚಿಕೊಂಡರೆ ಹೊಸದು ತುಂಬುವುದು ಎಲ್ಲಿಂದ?"

ಉತ್ತರ ಸರಿ. ಆದರೆ ಚರ್ಚಿನ ಜ್ಞಾನೋಪದೇಶದ ತರಗತಿಯಲ್ಲಿ ಪಾಠ ಒಪ್ಪಿಸಿದ ಹಾಗಿತ್ತು.

ಕಪ್ಪು ಎಣ್ಣೆ ಹಳೆಯ ಬೋಗುಣಿಗೆ ಇಳಿಯಿತು. ಗಬ್ಬು ವಾಸನೆಗೆ ಕಾರ್ಲ್ ಮೂಗು ಮುಚ್ಚಿಕೊಂಡ. ಮೊದಲ ಸಲ ಮೂಸುವವರು ಹಾಗೆ ಮಾಡುತ್ತಾರೆ.

"ಎಂತ, ವಾಸನೆ ಹೊಸದಾ?"

"ಇಲ್ಲ ಅಂಕಲ್, ಸ್ವಲ್ಪ ಶೀತ."

"ಶೀತ ಇದ್ದವರಿಗೆ ವಾಸನೆ ಬರುವುದಿಲ್ಲ ಮಾರಾಯ."

ಕಾರ್ಲ್ ಕೆಳಗಿನ ನಟ್ಟನ್ನು ಒರೆಸಿ ಬಿಗಿ ಮಾಡಿದ.

ಗೋಡೆಯ ಬದಿಗೆ ಎರಡು ಕ್ಯಾನ್ ಇದ್ದವು. ಒಂದರಲ್ಲಿ ಎಂಜಿನ್ ಆಯಿಲ್, ಇನ್ನೊಂದರಲ್ಲಿ ಡಿಫರೆನ್ಷಿಯಲ್‌ಗೆ ಬೇಕಾದ ಗೇರ್ ಆಯಿಲ್. ಬೆಳಿಗ್ಗೆಯೇ ಸ್ಟ್ಯಾನಿಸ್ಲಾಸ್ ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತು ಎರಡರ ಲೇಬಲನ್ನೂ ಕೆರೆದು ತೆಗೆದಿದ್ದ. ಕಾರ್ಲ್‌ನ ಕೈ ಎಂಜಿನ್ ಆಯಿಲಿನತ್ತ ಚಾಚಿತು. ತುರಿಯುವ ಸದ್ದು ಮತ್ತೆ ನಿಂತಿತು. ಕೈ ಗಾಳಿಯಲ್ಲೇ ತಡೆದು ಇನ್ನೊಂದು ಕ್ಯಾನ್ ಹಿಡಿಯಿತು. ಕರಕರ ಮತ್ತೆ ಶುರುವಾಯಿತು.

"ಅದೇ ಅಂತ ಹೇಗೆ ಗೊತ್ತಾಯಿತು?"

"ದಪ್ಪ ಉಂಟಲ್ಲ ಅಂಕಲ್."

"ಮುಚ್ಚಳ ತೆಗೆಯದೆ ದಪ್ಪ ಗೊತ್ತಾಯಿತಾ?"

ಕಾರ್ಲ್ ಹಣೆ ಒರೆಸಿಕೊಂಡ. ಹಣೆಗೆಲ್ಲ ಮಸಿಯಾಯಿತು.

"ನೋಡು ಮಗಾ," ಸ್ಟ್ಯಾನಿಸ್ಲಾಸ್ ಬಗ್ಗಿ ಹೇಳಿದ. "ಜೀಪಿನ ವಿಷಯದಲ್ಲಿ ಸುಳ್ಳು ಹೇಳುವವರನ್ನು ಹಿಡಿಯಲಿಕ್ಕೆ ಉಡುಪಿಯಿಂದ ಕಾರ್ಕಳದವರೆಗೆ ನನಗಿಂತ ಒಳ್ಳೆಯವರು ಸಿಗಲಿಕ್ಕಿಲ್ಲ."

ಕೈಪಂಪಿನಿಂದ ಎಣ್ಣೆ ಏರಿತು. ತುಂಬಿದ ಗುರುತಿಗೆ ಮೇಲಿನ ತೂತಿನಿಂದ ತೆಳ್ಳಗೆ ಹೊರಗೆ ಇಣುಕಿತು. ಅದೇ ಕ್ಷಣ ಅಡುಗೆಮನೆ ಸ್ತಬ್ಧವಾಯಿತು. ಕಾರ್ಲ್ ಪಂಪ್ ನಿಲ್ಲಿಸಿ ನಟ್ಟು ತಿರುಗಿಸಿದ. ಎಲ್ಲಿಯೂ ತಪ್ಪಿರಲಿಲ್ಲ.

ಸ್ಟ್ಯಾನಿಸ್ಲಾಸ್ ಒಳಗೆ ನಡೆದ. ಒಲೆಯ ಮೇಲೆ ಗಂಜಿ, ಪಕ್ಕದಲ್ಲಿ ಉಪ್ಪಿನಕಾಯಿ. ಸಾರಿಲ್ಲ, ಪಲ್ಯವಿಲ್ಲ. ತಟ್ಟೆಯಲ್ಲಿ ಮಾತ್ರ ಗುಡ್ಡದಷ್ಟು ಕಾಯಿತುರಿ.

"ಇಷ್ಟು ತುರಿ ಯಾರಿಗೆ?"

"ಹಬ್ಬಕ್ಕೆ," ಎಂದಳು ಜೆರ್ಟ್ರೂಡ್, ತಲೆ ಎತ್ತದೆ.

"ಯಾವ ಹಬ್ಬ?"

"ಅದನ್ನು ನೀವು ಹೇಳಬೇಕು."

ಹೊರಗೆ ಸ್ಕೂಟರ್ ನಿಂತಿತು. ಶಾರ್ಲೆಟ್ ವಾಷರನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಮಸಿ ಹಣೆಯ ಕಾರ್ಲ್‌ನ ಪಕ್ಕ ನಿಂತಿದ್ದಳು. ಸ್ಟ್ಯಾನಿಸ್ಲಾಸ್ ಮೆಟ್ಟಿಲಿಳಿದು ಬಂದು ಮೊಬೈಲನ್ನು ಹುಡುಗನ ಅಂಗೈಗೆ ಇಟ್ಟ.

"ಕೆಲಸ ನಿನಗೆ ಬರುವುದಿಲ್ಲ."

"ಅಂಕಲ್, ಅದು..."

ಸ್ಟ್ಯಾನಿಸ್ಲಾಸ್ ಅಡುಗೆಮನೆಗೆ ಕೇಳಿಸದಂತೆ ಅವನ ಕಿವಿಯ ಬಳಿ ಬಗ್ಗಿದ. "ಮದುವೆಯಾದ ಮೇಲಾದರೂ ಕಿಟಕಿಯ ಕಡೆ ನೋಡಬೇಡ ಮಾರಾಯ. ತುರಿಯುವುದು ನಿಂತರೆ ತಪ್ಪು, ನಡೆದರೆ ಸರಿ. ಕಿವಿಯೊಂದಿದ್ದರೆ ಸಾಕು. ಅಜೆಕಾರಿನಲ್ಲಿ ಮಾವನ ಎದುರು ನಾನು ಒಮ್ಮೆಯೂ ತಲೆ ಎತ್ತಿರಲಿಲ್ಲ."