ಒಂದು ಕಾಫಿಯ ಬಿಲ್ಲೆ

ಯುದ್ಧದ ಕಾಲದಲ್ಲಿ ಊರಿನಲ್ಲಿ ಚಿಲ್ಲರೆಯೇ ಸಿಗದಾದಾಗ ಅಲ್ಲಿನ ಒಂದು ಹೋಟೆಲಿನವರು ತಮ್ಮದೇ ಹಿತ್ತಾಳೆ ಬಿಲ್ಲೆ ಹೊಡೆಸಿದ್ದರು. ಅದರ ಮೇಲೆ 'ಒಂದು ಕಾಫಿಗೆ' ಎಂದು ಬರೆದಿತ್ತು. ಅವುಗಳಲ್ಲಿ ಉಳಿದಿದ್ದದ್ದು ಒಂದೇ. ಹಳೆಯ ಬಿಲ್ಲೆಗಳನ್ನು ಸಂಗ್ರಹಿಸುವ ನಾನು ಅದನ್ನು ಕೊಳ್ಳಲು ಸ್ಕೂಟರನ್ನೇ ಮಾರಿದ್ದೆ.

ಅದನ್ನು ಹಿಡಿದು ಆ ಹೋಟೆಲಿಗೇ ಹೋದೆ. ಈಗ ಗಲ್ಲಾದ ಮೇಲೆ ಅಂದಿನ ಮಾಲೀಕನ ಮೊಮ್ಮಗ ಕೂತಿದ್ದ. ಇಂಥವರಿಗೆ ಇತಿಹಾಸವೆಂದರೆ ನಿನ್ನೆಯ ಸಾಂಬಾರು.

"ಇದೇನು ಗೊತ್ತೇನ್ರೀ?" ಎಂದು ಬಿಲ್ಲೆಯನ್ನು ಅವನ ಮುಂದಿಟ್ಟೆ.

"ತಾತನ ಬಿಲ್ಲೆ. 'ಒಂದು ಕಾಫಿಗೆ' ಅಂತ ಬರೆದಿದೆ."

"ಪರವಾಗಿಲ್ಲ, ಓದೋಕೆ ಬರುತ್ತೆ! ನಿಮ್ಮ ತಾತನ ಮಾತು ಈಗ್ಲೂ ನಡಿಯುತ್ತೋ, ಇಲ್ಲ ಅವರ ಜೊತೇಲೇ ಹೋಯ್ತೋ?"

ಅವನು ಅಡುಗೆಮನೆಯತ್ತ ತಿರುಗಿ, "ಸಾಹೇಬ್ರಿಗೆ ಒಂದ್ ಕಾಫಿ!" ಎಂದು ಕೂಗಿದ.

ಬಂದದ್ದು ಕಾಫಿಯಲ್ಲ, ಕಲಗಚ್ಚು. ಆದರೂ ಈ ಪೆದ್ದನ ಕಥೆ ಹೇಳಿ ಗೆಳೆಯರನ್ನು ನಗಿಸಬಹುದು ಎಂದುಕೊಂಡು ಅಲ್ಲೇ ನಿಂತು ಕೊನೆಯ ಗುಟುಕಿನವರೆಗೂ ಕುಡಿದೆ. ಲೋಟ ಕೆಳಗಿಟ್ಟು ಬಿಲ್ಲೆಗೆ ಕೈ ಚಾಚಿದೆ.

ಅವನು ಅದನ್ನು ಗಲ್ಲಾಪೆಟ್ಟಿಗೆಯೊಳಗೆ ಹಾಕಿ ಬೀಗ ತಿರುಗಿಸಿದ.

"ಕಾಫಿ ಕುಡಿದ್ರಲ್ಲ ಸ್ವಾಮಿ, ಹೊರಡಿ. ಹಿಂದೆ ಜನ ನಿಂತಿದಾರೆ."